ಹೇಮಾವತಿಯ ಸೀಮೆಯ ಹಳೆಯ ಮನೆಗಳೂ ಮಳೆಯ ನೀರೂ

ಹಾಸನ ಪಟ್ಟಣದಿಂದ ಹನ್ನೆರಡು ಮೈಲಿಗಳಷ್ಟು ದೂರದಲ್ಲಿ, ಹೇಮಾವತೀ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ನಿಂತಿದೆ. ಜಲಾಶಯವು ತುಂಬಿದ ವರ್ಷ ಶ್ರಾವಣ ಭಾದ್ರಪದಗಳಲ್ಲಿ ಅಲ್ಲಿಗೆ ಹೋದವರಿಗೆ ನೀರಿನ ನಡುವೆ ಮೊನೆಯುಳ್ಳ ಕಮಾನುಗಳ ಮೇಲುಭಾಗವೂ ಗೋಡೆಗಳ ತಲೆಯೂ ಮಾತ್ರ ಕಾಣುತ್ತವೆ. ಫಾಲ್ಗುಣ ಚೈತ್ರಗಳ ಹೊತ್ತಿಗೆ ನೀರು ಹಿಂದಕ್ಕೆ ಸರಿದಿರುವುದರಿಂದ, ಬಿರಿದ ಕೆಸರಿನ ಮೇಲೆ ನಡೆದು ಕಟ್ಟಡದ ಒಳಗೇ ಹೋಗಬಹುದು. ಛಾವಣಿಯಿಲ್ಲ, ಬಾಗಿಲುಗಳಿಲ್ಲ, ಗಾರೆಯು ಕಳಚಿ ಇಟ್ಟಿಗೆಗಳು ಬೆತ್ತಲೆಯಾಗಿವೆ. ನೋಡಿದವರೆಲ್ಲರೂ ಆಡುವ ಮಾತು, ಅಣೆಕಟ್ಟಿನ ನೀರು ಇದನ್ನು ತಿಂದುಹಾಕಿತು ಎಂಬುದು. ಮಾತು ಸುಳ್ಳಲ್ಲವಾದರೂ ಪೂರ್ತಿಯಾಗಿ ನಿಜವೆಂದು ಹೇಳಲಾಗದು. ಕೆಳಗಿನಿಂದ ಏರಿದ ನೀರಿನಷ್ಟೇ ಮೇಲಿನಿಂದ ಬಿದ್ದ ನೀರೂ ಈ ಕಟ್ಟಡವನ್ನು ಕೆಡಿಸಿದೆ. ಈ ಎರಡಕ್ಕೂ ಮೊದಲು, ಅದನ್ನು ನೋಡಿಕೊಳ್ಳುತ್ತಿದ್ದ ಊರು ಅದರ ಮಗ್ಗುಲಿನಿಂದ ಎದ್ದುಹೋಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಜನರು ಇನ್ನೂ ವಾಸವಾಗಿರುವ ಹಳೆಯ ಮನೆಗಳನ್ನು ಕುರಿತು ಯೋಚಿಸುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕಾಗಿದೆ.

ಇಗರ್ಜಿಯ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧನಾದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ 1823ರಲ್ಲಿ ಈ ದೇಶವನ್ನು ಬಿಟ್ಟುಹೋಗುವುದಕ್ಕೆ ಮುಂಚೆ, ಮೈಸೂರು ಸೀಮೆಯಲ್ಲಿ ಬೇಸಾಯಗಾರ ಕ್ರೈಸ್ತರ ನೆಲೆಗಳನ್ನು ಕಟ್ಟುವ ಕೆಲಸಕ್ಕೆ ಕೈಹಾಕಿದ್ದನು. ಅವನ ತರುವಾಯ ಬಂದ ಫ್ರೆಂಚ್ ಪಾದ್ರಿಗಳು ಸುಮಾರು 1860ರಲ್ಲಿ ಶೆಟ್ಟಿಹಳ್ಳಿಯಲ್ಲಿ ಈ ರೋಸರಿ ಇಗರ್ಜಿಯನ್ನು ಯೂರೋಪಿನ ಗಾಥಿಕ್ ಮಾದರಿಯಲ್ಲಿ ಕಟ್ಟಿಸಿದರು. ಮಾದರಿಯು ಪರದೇಶದ್ದಾದರೂ ಸಾಮಗ್ರಿಯು ಈ ನೆಲದ್ದೇ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮರ: ಹೊಳೆನರಸೀಪುರದ ಅಗ್ರಹಾರದಲ್ಲಿ ಮನೆ ಕಟ್ಟುವವನು ಏನನ್ನು ತರುತ್ತಿದ್ದನೋ ಅದನ್ನೇ ಪಾದ್ರಿಗಳೂ ತಂದರು. ಆದಕಾರಣ ಇಗರ್ಜಿಗೆ ಬಂದ ಕೇಡು ಮನೆಗಳಿಗೂ ಬರತಕ್ಕದ್ದೇ.

1979ರಲ್ಲಿ ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿಯಿತು. ಹೇಮಾವತಿಯ ದಡದ ಬಾಳನ್ನು ಕನ್ನಡಿಗರಿಗೆಲ್ಲ ಪರಿಚಯ ಮಾಡಿಕೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಆಗ ಇನ್ನೂ ಬದುಕಿದ್ದರು. ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯದಿಂದ ಬಯಲುಸೀಮೆಯ ಗದ್ದೆಗಳಿಗೆ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಅದರ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದುವು. ಶೆಟ್ಟಿಹಳ್ಳಿಯವರೂ ನೆಲೆಯನ್ನು ಬದಲಾಯಿಸಿದರು. ಇಗರ್ಜಿಯು ಉಳಿಯಿತು, ಆದರೆ ಊರಿಲ್ಲದ ಇಗರ್ಜಿಯಾಗಿ ಉಳಿಯಿತು.

ಇಷ್ಟನ್ನು ತಿಳಿದ ಮೇಲೆ, ಈ ಸೀಮೆಯ ಜನರು ತಮ್ಮ ಮನೆಗಳನ್ನು ಮಳೆಯಿಂದ ಹೇಗೆ ಕಾಪಾಡಿಕೊಂಡು ಬಂದರೆಂಬುದನ್ನು ನೋಡಬಹುದು. ಮೊದಲು ಗಮನಿಸತಕ್ಕದ್ದು ಮಳೆಯ ಹಂಚಿಕೆ. ಪಡುವಣ ಘಟ್ಟದ ಅಂಚಿನ ಸಕಲೇಶಪುರದಲ್ಲಿ ವರ್ಷಕ್ಕೆ 80 ಅಂಗುಲಗಳ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಹಾಸನದಲ್ಲಿ ಸುಮಾರು 35 ಅಂಗುಲ. ಚನ್ನರಾಯಪಟ್ಟಣದಲ್ಲಿ 30ಕ್ಕೂ ಕಡಮೆ. ಐವತ್ತು ಮೈಲಿಗಳೊಳಗೆ ಇಷ್ಟು ವ್ಯತ್ಯಾಸವಿರುವ ಜಿಲ್ಲೆಗಳು ಹೆಚ್ಚಿಲ್ಲ. ಮನೆಯ ಮಾಡಿನ ಇಳಿಜಾರು ಈ ಅಂಗುಲಗಳಿಗೆ ಸರಿಯಾಗಿ ಪಡುವಣದಿಂದ ಮೂಡಣಕ್ಕೆ ಬಂದಂತೆ ತಗ್ಗುತ್ತದೆ. ಮಲೆನಾಡಿನ ಹುಲ್ಲುಮಾಡು ಸೋಗೆಮಾಡುಗಳು ಕಡಿದಾಗಿ ಇಳಿಯುತ್ತವೆ; ಅರೆಮಲೆನಾಡಿನಲ್ಲಿ ನಾಡಹೆಂಚಿನ ಮಾಡು ಅಷ್ಟು ಕಡಿದಲ್ಲ; ಅರಸೀಕೆರೆಯನ್ನು ದಾಟಿ ಚಿತ್ರದುರ್ಗದ ಕಡೆಗೆ ಹೋದರೆ ಮಣ್ಣು ಹಾಸಿದ ಮಟ್ಟಸವಾದ ಮಾಳಿಗೆಗಳೇ ಎದುರಾಗುತ್ತವೆ. ಇದನ್ನು ಯಾವ ಶಿಲ್ಪಿಯೂ ಕುಳಿತು ಲೆಕ್ಕಹಾಕಲಿಲ್ಲ; ಸೋರಿದ ಮನೆಗಳೇ ಕಲಿಸಿದ ವಿದ್ಯೆಯಿದು.

ಸೂರು ಎಂಬುದು ಇನ್ನೊಂದು ಅಂಗ. ಮಣ್ಣಿನ ಗೋಡೆಯಾಗಲಿ ಹಸಿ ಇಟ್ಟಿಗೆಯ ಗೋಡೆಯಾಗಲಿ ನೇರವಾಗಿ ಬೀಳುವ ಮಳೆಯಿಂದ ಕೆಡುವುದು ಕಡಮೆ. ಅದನ್ನು ಕೆಡಿಸುವುದು ಗಾಳಿಯೊಡನೆ ಓರೆಯಾಗಿ ಬರುವ ಎರಚಲು. ಅದಕ್ಕಿಂತ ಹೆಚ್ಚಾಗಿ, ಸೂರಿನಿಂದ ನೆಲಕ್ಕೆ ಬಿದ್ದು ಮರಳಿ ಗೋಡೆಯ ಬುಡಕ್ಕೆ ಸಿಡಿಯುವ ಹನಿ. ವರ್ಷ ವರ್ಷವೂ ಬುಡದ ಮೊಳದೆತ್ತರವು ಹೀಗೆ ಸವೆಯುತ್ತ ಬಂದು, ಒಂದು ಮಳೆಗಾಲದ ರಾತ್ರಿ ಗೋಡೆಯು ಇದ್ದಕ್ಕಿದ್ದಂತೆ ಕುಳಿತುಬಿಡುತ್ತದೆ. ಹಳಬರು ಇದನ್ನು ಬಲ್ಲವರಾದ್ದರಿಂದ ಸೂರನ್ನು ಗೋಡೆಯಿಂದ ಬಹುದೂರ ಚಾಚಿಸಿದರು. ಗೋಡೆಯ ಬುಡಕ್ಕೆ ಕಲ್ಲಿನ ತಳಪಾಯವನ್ನು ನೆಲದಿಂದ ಮೇಲಕ್ಕೆ ಎತ್ತಿ ಕಟ್ಟಿದರು. ಬೀದಿಯ ಮಗ್ಗುಲಿಗೆ ಜಗಲಿಯನ್ನು ಹಾಕಿಸಿದರು. ಜಗಲಿಯು ದಾರಿಹೋಕರು ಕೂರಲೆಂದೂ ಹಿರಿಯರು ಹರಟೆ ಹೊಡೆಯಲೆಂದೂ ಇರುವುದೆಂಬ ಭಾವನೆಯು ಸಾಮಾನ್ಯವಾಗಿದೆ. ಅದು ಸರಿಯೇ, ಆದರೆ ಮಳೆಗಾಲದಲ್ಲಿ ಸಿಡಿಹನಿಯನ್ನು ಮೈಮೇಲೆ ತಾಳಿಕೊಂಡು ಮನೆಯ ಗೋಡೆಯನ್ನು ಒಣಗಿಸಿಡುವುದೂ ಅದರ ಕೆಲಸ. ಈಚೆಗೆ ರಸ್ತೆಯನ್ನು ಅಗಲಮಾಡುವುದಕ್ಕೆಂದು ಜಗಲಿಗಳನ್ನು ಒಡೆದ ಊರುಗಳಲ್ಲಿ ಹಳೆಯ ಗೋಡೆಗಳಿಗೆ ತೇವ ಹತ್ತಿದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಸೂರಿನ ಈ ತತ್ತ್ವವು ಬಡವರ ಮನೆಯಿಂದ ಅರಸರ ದೇಗುಲದವರೆಗೂ ಒಂದೇ ಆಗಿದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರು ನಿಂತಿರುವುದು ಮುಂಚಾಚಿದ ಕಲ್ಲಿನ ಸೂರಿನ ಕೆಳಗೆ. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನ ಕುಸುರಿಯನ್ನು ಕೊಂಡಾಡುವವರು ಒಮ್ಮೆ ತಲೆಯೆತ್ತಿ ಆ ಸೂರನ್ನೂ ನೋಡುವುದುಚಿತ. ಒಂಬೈನೂರು ಮಳೆಗಾಲಗಳು ಕಳೆದರೂ ಆ ಬೆರಳುಗಳ ನವುರು ಉಳಿದಿರುವುದಕ್ಕೆ ಅದೂ ಒಂದು ಕಾರಣ.

ತೊಟ್ಟಿಯ ಮನೆಯ ವಿಚಾರ ಸ್ವಲ್ಪ ತೊಡಕಿನದು. ನಾಲ್ಕು ಮಗ್ಗುಲಿನ ಮಾಡುಗಳೂ ಒಳಮುಖವಾಗಿ ಇಳಿದು ಆಕಾಶಕ್ಕೆ ತೆರೆದ ನಡುಮನೆಯ ತೊಟ್ಟಿಗೆ ನೀರನ್ನು ಸುರಿಸುತ್ತವೆ. ಎಂದರೆ ಮಳೆಯನ್ನು ಮನೆಯೊಳಕ್ಕೆ ಕರೆದುಕೊಂಡು ಆಮೇಲೆ ಹೊರಕ್ಕೆ ಕಳುಹಿಸುವ ಏರ್ಪಾಡು. ಗಾಳಿಗೂ ಬೆಳಕಿಗೂ ಹೆಂಗಸರ ಕೆಲಸಕ್ಕೂ ಇದು ಬಹಳ ಅನುಕೂಲ. ಆದರೆ ಎರಡು ಮಾಡುಗಳು ಕೂಡುವ ಒಳಮೂಲೆಗಳು ನಾಲ್ಕು. ಸೋರುವ ಮನೆಯಲ್ಲಿ ಸೋರಿಕೆಯು ನೂರಕ್ಕೆ ತೊಂಬತ್ತು ಪಾಲು ಆ ಮೂಲೆಗಳಲ್ಲಿಯೇ ಎಂದು ಹೇಳಿದರೆ ಅನುಭವಸ್ಥರು ಒಪ್ಪಿಯಾರು. ಅಲ್ಲಿ ತಗಡಿನ ದೋಣಿಯನ್ನೋ, ಹಿಂದಿನ ಕಾಲದಲ್ಲಿ ಅಡಕೆಯ ಮರವನ್ನು ಸೀಳಿ ಮಾಡಿದ ದಂಬೆಯನ್ನೋ ಇಟ್ಟು, ಎಲೆ ಕಸ ತುಂಬದಂತೆ ನೋಡಿಕೊಳ್ಳಬೇಕು. ತೊಟ್ಟಿಯಿಂದ ಬೀದಿಗೆ ಅಥವಾ ಹಿತ್ತಿಲಿಗೆ ನೀರನ್ನು ಒಯ್ಯುವ ಕಲ್ಲುಮುಚ್ಚಿದ ಮೋರಿಯು ಕಟ್ಟಿಕೊಂಡರಂತೂ ಮನೆಯೇ ಕೆರೆಯಾಗುವುದು. ಈಗ ಅನೇಕರು ತೊಟ್ಟಿಯ ಮೇಲೆ ಹಾಳೆಗಳನ್ನು ಹೊದಿಸಿ ಮುಚ್ಚಿಬಿಡುತ್ತಾರೆ. ಸೋರಿಕೆಯು ನಿಂತಂತೆ ಕಾಣುತ್ತದೆ. ಆದರೆ ಗಾಳಿಯಾಡದೆ ಮರಗಳಿಗೆ ಬೂಷ್ಟು ಹಿಡಿಯುತ್ತದೆ. ಹಾಳೆಯನ್ನು ಹಾಕಲೇಬೇಕೆಂಬವರು ಮಾಡಿಗಿಂತ ಎರಡು ಮೊಳ ಮೇಲೆ, ಸುತ್ತಲೂ ಗಾಳಿಗೆ ದಾರಿಯಿರುವಂತೆ ಹಾಕಿಸಿದರೆ ತಕ್ಕಮಟ್ಟಿಗೆ ವಾಸಿ.

ಇವೆಲ್ಲವೂ ಕಟ್ಟುವಾಗಲೇ ಮಾಡಿದ ರಕ್ಷಣೆಗಳು. ಇವುಗಳಿಗಿಂತ ಹೆಚ್ಚಿನ ರಕ್ಷಣೆಯು ವರ್ಷವರ್ಷದ ದುಡಿಮೆಯಲ್ಲಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆಯು ಹೇಳುತ್ತದೆ. ಕಟ್ಟಿದ ಮನೆಯನ್ನು ಉಳಿಸಿ ನೋಡು ಎಂಬ ಮಾತು ಅದರಲ್ಲಿ ಏಕೆ ಸೇರಲಿಲ್ಲವೋ ತಿಳಿಯದು. ಯುಗಾದಿಯು ಕಳೆದು ಭರಣಿಯ ಮಳೆಯು ಹನಿಯುವುದರೊಳಗೆ ಹೆಂಚು ಕೈಯಾಡಿಸುವುದು ಈ ಸೀಮೆಯ ಮನೆಮನೆಯ ನೇಮವಾಗಿತ್ತು. ಹೆಂಚುಗಳನ್ನು ಸಾಲಾಗಿ ತೆಗೆದು, ಕಸವನ್ನು ಗುಡಿಸಿ, ಒಡೆದುವನ್ನು ಬದಲಾಯಿಸಿ, ಗೆದ್ದಲು ಹತ್ತಿದ ಬಿದಿರನ್ನೂ ರಿಪೀಸನ್ನೂ ಕಿತ್ತು ಹೊಸದನ್ನು ಹಾಕಿ, ಮತ್ತೆ ಸರಿಯಾಗಿ ಹೊದಿಸುವ ಕೆಲಸವಿದು. ಅರ್ಧಕೊಳವೆಯಂತಿರುವ ನಾಡಹೆಂಚು ಹಗುರವಾದದ್ದು. ಕೋತಿಗಳು ಒಮ್ಮೆ ಮಾಡಿನ ಮೇಲೆ ಓಡಿದರೆ ಎರಡು ಸಾಲು ಜಾರಿಹೋಗುತ್ತದೆ. ಅರಕಲಗೂಡಿನ ಕಡೆಯ ಗೃಹಸ್ಥರಿಗೆ ಮಳೆಗಿಂತ ಕೋತಿಯ ಮೇಲೆ ಕೋಪ ಹೆಚ್ಚೆಂದರೆ ಅದು ನಗೆಯ ಮಾತಲ್ಲ. ಮೇಷ್ಟ್ರಾಗಲಿ ಶ್ಯಾನುಭೋಗರಾಗಲಿ ಮನೆಯ ಯಜಮಾನನು ಏಣಿ ಹತ್ತಲಾರದವನಾದರೆ ಆಳನ್ನಾದರೂ ಹತ್ತಿಸಿ ಕೆಳಗೆ ನಿಂತು ನೋಡುತ್ತಿದ್ದನು. ಹೆಂಗಸರು ಅದೇ ಕಾಲದಲ್ಲಿ ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಬುಡಕ್ಕೆ ಕೆಮ್ಮಣ್ಣಿನ ಕಾರಣೆಯನ್ನು ಬಳಿದು, ಸುಣ್ಣ ಹೊಡೆಯುತ್ತಿದ್ದರು. ಹಬ್ಬದ ಅಲಂಕಾರವೆಂದು ತೋರುವ ಸುಣ್ಣವು ಗೋಡೆಯ ಸಣ್ಣ ಬಿರುಕುಗಳನ್ನು ವರ್ಷಕ್ಕೊಮ್ಮೆ ಮುಚ್ಚುವ ತೆಳುವಾದ ಗಾರೆಯೇ ಆಗಿದೆ.

ಒಲೆಯ ಹೊಗೆಯನ್ನೂ ಇಲ್ಲಿ ಮರೆಯಬಾರದು. ಸೌದೆಯ ಒಲೆಯಿಂದೇಳುವ ಹೊಗೆಯು ಅಟ್ಟದ ಮರಗಳನ್ನು ಕಪ್ಪಾಗಿಸಿ, ಕಣ್ಣುರಿಸಿ, ಮನೆಯೊಡತಿಯ ಎದೆಯನ್ನು ಕೆಡಿಸಿತೆಂಬುದು ನಿಜ. ಅದು ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಮಳೆಗಾಲದ ನಾಲ್ಕು ತಿಂಗಳು ಮಾಡಿನ ಮರಗಳನ್ನು ಒಳಗಿನಿಂದ ಒಣಗಿಸಿ ಹುಳುವನ್ನು ದೂರವಿಟ್ಟದ್ದೂ ಆ ಹೊಗೆಯೇ. ಅನಿಲದ ಒಲೆ ಬಂದ ಮೇಲೆ ಹಳೆಯ ಅಡಿಗೆಮನೆಯ ಜಂತೆಗಳಿಗೆ ಮದ್ದುಹಚ್ಚುವ ಕೆಲಸ ಯಜಮಾನನ ಪಾಲಿಗೆ ಬಂದಿದೆ. ಬೀಗ ಹಾಕಿದ ಮನೆಯು ಜನವಿರುವ ಮನೆಗಿಂತ ಬೇಗ ಬೀಳುವುದೇಕೆಂಬ ಪ್ರಶ್ನೆಗೆ ದೆವ್ವ ಭೂತಗಳನ್ನು ಉತ್ತರವಾಗಿ ಹೇಳುವುದುಂಟು. ಒಲೆ ಹೊತ್ತುವುದಿಲ್ಲ, ಕಿಟಕಿ ತೆರೆಯುವುದಿಲ್ಲ, ಜಾರಿದ ಒಂದು ಹೆಂಚನ್ನು ಕಂಡವರಿಲ್ಲ, ಇಷ್ಟೇ ಸಾಕು.

ಈ ಕ್ರಮಕ್ಕೆ ಮೊದಲ ಮಾರ್ಪಾಡು ಮಂಗಳೂರಿನಿಂದ ಬಂದಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದರೊಳಗೊಂದು ಕಚ್ಚಿಕೊಳ್ಳುವ ಆ ಹೆಂಚು ಘಟ್ಟವನ್ನು ಹತ್ತಿ ಬಂದು ಕ್ರಮೇಣ ಈ ಸೀಮೆಯ ಮಾಡುಗಳನ್ನು ಹಿಡಿಯಿತು. ಕೋತಿಗೂ ಗಾಳಿಗೂ ಅದು ನಾಡಹೆಂಚಿಗಿಂತ ಮೇಲು. ವರ್ಷಕ್ಕೊಮ್ಮೆ ಕೈಯಾಡಿಸುವ ಬದಲು ಮೂರು ನಾಲ್ಕು ವರ್ಷಗಳಿಗೊಮ್ಮೆ ಕೈಯಾಡಿಸಿದರೆ ಸಾಕಾಯಿತು. ಆ ಮಟ್ಟಿಗೆ ಇದು ಲಾಭವೇ. ಆಮೇಲೆ ಬಂದ ಸಿಮೆಂಟಿನ ವಿಷಯವನ್ನು ಹಾಗೆ ಹೇಳಲಾಗದು. ಹಳೆಯ ಗಾರೆಯೆಂದರೆ ಸುಣ್ಣವನ್ನೂ ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಎತ್ತು ಎಳೆಯುವ ಗಾಣದಲ್ಲಿ ಅರೆದು, ಬೆಲ್ಲದ ನೀರನ್ನೋ ಅಳಲೆಕಾಯಿಯ ಕಷಾಯವನ್ನೋ ಬೆರೆಸಿ ಮಾಡಿದ ವಸ್ತು. ಅದು ಮೆತ್ತಗಿನದು, ಗೋಡೆಗೆ ಹತ್ತಿದ ತೇವವು ಅದರ ಮೂಲಕ ಹೊರಕ್ಕೆ ಹೋಗಬಲ್ಲದು. ಸಿಮೆಂಟು ಗಟ್ಟಿಯಾದದ್ದು, ತೇವವನ್ನು ಸುಲಭವಾಗಿ ಬಿಡದು. ಮಣ್ಣಿನ ಅಥವಾ ಸುಣ್ಣದ ಗೋಡೆಗೆ ಸಿಮೆಂಟನ್ನು ಬಳಿದರೆ, ನೆಲದಿಂದ ಏರಿದ ನೀರು ಒಳಗೇ ಸಿಕ್ಕಿಬಿದ್ದು ಗೋಡೆಯ ಹೊಟ್ಟೆಯನ್ನು ಕರಗಿಸುತ್ತದೆ. ಹೊರಗೆ ನೋಡುವವರಿಗೆ ಗೋಡೆಯು ಹೊಸದಾಗಿ ಮಿರುಗುತ್ತಿರುತ್ತದೆ. ಎರಡು ಮೂರು ವರ್ಷಗಳಲ್ಲಿ ಲೇಪವು ಹಲಗೆಯಂತೆ ಕಳಚಿ ಬಿದ್ದಾಗ ಹಿಂದೆ ಹುಡಿಮಣ್ಣು ಮಾತ್ರ ಉಳಿದಿರುವುದುಂಟು. ಒಳ್ಳೆಯ ಮನಸ್ಸಿನಿಂದಲೂ ಬೇಕಾದಷ್ಟು ಹಣದಿಂದಲೂ ಹಳೆಯ ಮನೆಗಳನ್ನು ಕೆಡಿಸಿದ ಉದಾಹರಣೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಸುಣ್ಣದ ಗಾರೆಯು ನೀರಿಗೆ ತಾಳಲಾರದೆಂದು ಇದರಿಂದ ಯಾರೂ ತಿಳಿಯಬಾರದು. ಹೇಮಾವತಿಯು ಕಾವೇರಿಯನ್ನು ಸೇರುವ ಸ್ಥಳದ ಕೆಳಗೆ, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟನ್ನು ಮೈಸೂರಿನ ಎಂಜಿನಿಯರುಗಳು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿಗಾರೆಯಿಂದ ಕಟ್ಟಿದರು. ಅದು ಇಂದಿಗೂ ನೀರನ್ನು ಹೊತ್ತು ನಿಂತಿದೆ. ಅದರ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಕಲ್ಲುಗುಡಿಯು ಹಲವು ದಶಕಗಳ ಬಳಿಕವೂ ಬಿಚ್ಚಿ ಬೇರೆಡೆಯಲ್ಲಿ ಕಟ್ಟಲು ಯೋಗ್ಯವಾಗಿ ಉಳಿದಿತ್ತು. ಹಾಗಾದರೆ ಶೆಟ್ಟಿಹಳ್ಳಿಯ ಇಗರ್ಜಿಯೇಕೆ ಕರಗುತ್ತಿದೆ? ಅಣೆಕಟ್ಟಿನ ದಪ್ಪವಾದ ಕಲ್ಲುಕಟ್ಟಡಕ್ಕೂ ಇಗರ್ಜಿಯ ತೆಳುವಾದ ಇಟ್ಟಿಗೆಯ ಗೋಡೆಗೂ ಹೋಲಿಕೆಯಿಲ್ಲವೆಂಬುದು ಒಂದು ಉತ್ತರ. ಇನ್ನೊಂದು ಉತ್ತರವು ಮನೆಗಳಿಗೂ ಅನ್ವಯಿಸುವಂಥದು. ಅಲ್ಲಿ ಗೋಡೆಯು ಒಂದೇ ಸಮನೆ ಒದ್ದೆಯಾಗಿಯೂ ಇಲ್ಲ, ಒಣಗಿಯೂ ಇಲ್ಲ. ವರ್ಷಕ್ಕೊಮ್ಮೆ ನೀರು ಏರುತ್ತದೆ, ಇಳಿಯುತ್ತದೆ. ಒದ್ದೆಯಾದಾಗ ಇಟ್ಟಿಗೆಯೊಳಕ್ಕೆ ಹೋದ ಉಪ್ಪುಗಳು ಒಣಗುವಾಗ ಮೇಲ್ಮೈಗೆ ಬಂದು ಹರಳುಗಟ್ಟಿ, ಇಟ್ಟಿಗೆಯ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತವೆ. ನೀರಿನ ಅಲೆಗಳು ಒಂದೇ ಎತ್ತರದಲ್ಲಿ ಬಡಿದು ಸಂದುಗಳ ಗಾರೆಯನ್ನು ತೊಳೆಯುತ್ತವೆ. ಮೇಲುಗಡೆ ಛಾವಣಿಯಿಲ್ಲದ ಕಾರಣ ಮಳೆಯು ಗೋಡೆಯ ತಲೆಯಿಂದ ನೇರವಾಗಿ ಒಳಕ್ಕೆ ಇಳಿಯುತ್ತದೆ. ಹಕ್ಕಿಗಳು ತಂದ ಅರಳಿ ಆಲಗಳ ಬೀಜಗಳು ಇಂಥ ಸಂದುಗಳಲ್ಲಿಯೇ ಮೊಳೆತು ಬೇರು ಬಿಡುವುದು. ಕಮಾನಿನ ನೆತ್ತಿಯ ಒಂದು ಇಟ್ಟಿಗೆ ಸಡಿಲವಾದರೆ ಕಮಾನಿಗೇ ಅಪಾಯ. ಹಿಂದಾಗಿದ್ದರೆ ಊರಿನ ಗಾರೆಯವನೊಬ್ಬನು ಒಂದು ಬೆಳಗಿನಲ್ಲಿ ಅದನ್ನು ಸರಿಪಡಿಸುತ್ತಿದ್ದನು. ಈಚಿನ ಮಳೆಗಾಲಗಳಲ್ಲಿ ಗೋಡೆಗಳ ಭಾಗಗಳು ಒಂದೊಂದಾಗಿ ಕುಸಿಯುತ್ತ ಬಂದಿವೆ.

ಮನೆಗಳಿಗೆ ಈಚೆಗೆ ಹೆಚ್ಚಿನ ಕಷ್ಟ ಬಂದಿರುವುದು ಮುಂಗಾರಿನಿಂದಲ್ಲ, ಚಳಿಗಾಲದ ಬಾಗಿಲಿನಲ್ಲಿ ಬರುವ ಬಿರುಗಾಳಿಯ ಮಳೆಯಿಂದ. ಮುಂಗಾರಿನ ಗಾಳಿ ಬೀಸುವುದು ಪಡುವಣ ನೈಋತ್ಯಗಳಿಂದ. ಆದ್ದರಿಂದ ಹಳೆಯ ಮನೆಗಳ ಕಾವಲೆಲ್ಲವೂ ಆ ಕಡೆಗೆ: ಪಡುವಣ ಗೋಡೆಗೆ ಕಿಟಕಿ ಕಡಮೆ, ಸೂರು ಉದ್ದ, ಮಲೆನಾಡಿನ ಮಗ್ಗುಲಿನಲ್ಲಿ ಜ್ಯೇಷ್ಠಮಾಸದಲ್ಲಿ ಆ ಗೋಡೆಗೆ ಸೋಗೆಯ ತಡಿಕೆಯನ್ನೂ ಕಟ್ಟುವರು. ಚಿತ್ತೆ ಸ್ವಾತಿಗಳ ಹೊತ್ತಿಗೆ ಮಳೆ ಮುಗಿಯಿತೆಂದು ತಡಿಕೆಯನ್ನು ಬಿಚ್ಚಿ ಒಲೆಗೋ ಕೊಟ್ಟಿಗೆಗೋ ಹಾಕುವರು. ಬಂಗಾಳ ಕೊಲ್ಲಿಯ ಚಂಡಮಾರುತಗಳು ಆಶ್ವಿನ ಕಾರ್ತಿಕಗಳಲ್ಲಿ ಏಳುವಾಗ ಗಾಳಿಯು ಮೂಡಣ ಈಶಾನ್ಯಗಳಿಂದ ಬರುತ್ತದೆ. ಆಗ ಎರಚಲು ಹೊಡೆಯುವುದು ಬಾಗಿಲೂ ಕಿಟಕಿಯೂ ತೆರೆದಿರುವ, ಕಾವಲಿಲ್ಲದ ಗೋಡೆಗೆ. ಅದರ ಮೇಲೆ ನಾಲ್ಕು ತಿಂಗಳು ನೆನೆದ ಗೋಡೆಯು ಇನ್ನೂ ಒಣಗಿರುವುದಿಲ್ಲ. ಹೆಂಚುಗಳು ಮುಂಗಾರಿನಲ್ಲಿ ಸರಿದಿರುತ್ತವೆ. 2021ರ ನವೆಂಬರ್ ತಿಂಗಳಿನಲ್ಲಿ ಹೀಗೆಯೇ ಆಯಿತು. ಕೊಯ್ಲಿಗೆ ಬಂದಿದ್ದ ರಾಗಿಯು ಹೊಲದಲ್ಲಿ ಮೊಳೆಯಿತು, ಕಾಫಿಯ ಹಣ್ಣು ನೆಲಕ್ಕೆ ಉದುರಿತು; ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಣ್ಣಿನ ಗೋಡೆಗಳು ಬಿದ್ದುವು. 2018, 2019ರ ಆಗಸ್ಟ್ ತಿಂಗಳುಗಳ ಪ್ರವಾಹಗಳು ಎಲ್ಲರ ಬಾಯಲ್ಲಿ ಉಳಿದಿವೆ. ಈ ನವೆಂಬರಿನ ಮಳೆಯನ್ನು ಬೆಳೆಹಾನಿಯ ಸಲುವಾಗಿ ನೆನೆಯುವವರು ಉಂಟು, ಮನೆಗಳ ಸಲುವಾಗಿ ನೆನೆಯುವವರು ಕಡಮೆ.

ಹಾಗಿರುವುದರಿಂದ, ಹಳೆಯ ಮನೆಯುಳ್ಳವರು ವರ್ಷಕ್ಕೆ ಒಂದು ಸಲ ಮಾಡುತ್ತಿದ್ದುದನ್ನು ಈಗ ಎರಡು ಸಲ ಮಾಡಬೇಕಾಗಿದೆ. ಯುಗಾದಿಯ ತರುವಾಯ ಒಮ್ಮೆ. ಮಹಾನವಮಿಯ ಆಯುಧಪೂಜೆಗೆಂದು ಮನೆಯನ್ನು ತೊಳೆದು ಬಳಿಯುವಾಗ ಇನ್ನೊಮ್ಮೆ. ಎರಡನೆಯ ಸಲ ಪೂರ್ತಿ ಕೈಯಾಡಿಸಬೇಕೆಂದಿಲ್ಲ. ಮುಂಗಾರಿನಲ್ಲಿ ಸರಿದ ಹೆಂಚುಗಳನ್ನು ಕೂರಿಸುವುದು, ಒಳಮೂಲೆಯ ದೋಣಿಗಳ ಕಸವನ್ನು ತೆಗೆಯುವುದು, ಮೋರಿಗೆ ನಾಲ್ಕು ಕೊಡ ನೀರು ಹೊಯ್ದು ಹರಿಯುವುದೇ ಎಂದು ನೋಡುವುದು, ಗೋಡೆಯ ಬುಡಕ್ಕೆ ಒರಗಿಸಿದ ಸೌದೆಯನ್ನೂ ಮಣ್ಣಿನ ಗುಡ್ಡೆಯನ್ನೂ ದೂರ ಸರಿಸುವುದು, ಅರಳಿಯ ಸಸಿಯು ಬೆರಳುದ್ದವಿರುವಾಗಲೇ ಬೇರುಸಹಿತ ಕೀಳುವುದು. ಮೂಡಣ ಗೋಡೆಗೆ ಕಾರ್ತಿಕವು ಕಳೆಯುವವರೆಗಾದರೂ ತಡಿಕೆಯನ್ನು ಉಳಿಸಿಕೊಂಡರೆ ಒಳ್ಳೆಯದು. ಗಾರೆ ಬಿದ್ದಿದ್ದರೆ ಸುಣ್ಣದ ಗಾರೆಯನ್ನೇ ಹಾಕಿಸಬೇಕು. ಅದನ್ನು ಬಲ್ಲ ಕೈಗಳು ಕಡಮೆಯಾಗಿವೆ, ಆದರೂ ವಿಚಾರಿಸಿದರೆ ಗುಡಿಗಳ ಜೀರ್ಣೋದ್ಧಾರದಲ್ಲಿ ಕೆಲಸಮಾಡಿದವರು ಸಿಕ್ಕಿಯಾರು.

ಹೆಂಚಿನದೇ ದೊಡ್ಡ ತೊಂದರೆ. ಮಂಗಳೂರಿನ ಕಡೆಯ ಹೆಂಚಿನ ಕಾರ್ಖಾನೆಗಳು ಹಲವು ಮುಚ್ಚಿವೆ. ನಾಡಹೆಂಚನ್ನು ಮಾಡುವ ಕುಂಬಾರರು ಅಪರೂಪ. ಆದ್ದರಿಂದ ಕೆಡವಿದ ಮನೆಗಳ ಹೆಂಚನ್ನು ಕೊಂಡುತಂದು ನಿಂತಿರುವ ಮನೆಗಳಿಗೆ ಹೊದಿಸುವ ರೂಢಿಯು ಬೆಳೆದಿದೆ. ಹೀಗೆ ಕೊಳ್ಳುವವರು ಒಂದೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡತಕ್ಕದ್ದು. ಗಟ್ಟಿಯಾದದ್ದು ಕಂಚಿನಂತೆ ದನಿಗೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ದನಿ ಮಂಕಾಗುತ್ತದೆ. ಮನೆಯ ಅಗತ್ಯಕ್ಕಿಂತ ನೂರಿನ್ನೂರು ಹೆಂಚನ್ನು ಹೆಚ್ಚಾಗಿ ತಂದು ಹಿತ್ತಿಲಿನಲ್ಲಿ, ಮಳೆ ತಾಕದ ಕಡೆ, ನಿಲ್ಲಿಸಿ ಜೋಡಿಸಿಟ್ಟುಕೊಳ್ಳುವುದು ಮೇಲು.